ವರ್ಷ ಬರೆಯದ ಶಾರ್ಡೊನೆ ಶಾಂಪೇನ್: ಹುಳಿ ಜಾಸ್ತಿ, ಬ್ರೆಡ್ ವಾಸನೆ ಕಡಿಮೆ. ಶೈಲಿಯೋ, ಕೊರತೆಯೋ?

ತುಂಗಾತೀರ, ತೀರ್ಥಹಳ್ಳಿ
ಬ್ಲಾಂ ದ ಬ್ಲಾಂ, ಅಂದರೆ ಬಿಳಿ ದ್ರಾಕ್ಷಿಯಿಂದಷ್ಟೇ ಮಾಡಿದ ಶಾಂಪೇನ್. ಇದು ಪೂರ್ತಿ ಶಾರ್ಡೊನೆ ದ್ರಾಕ್ಷಿ. ಲೇಬಲ್ ಮೇಲೆ ಬ್ರೂಟ್ (ಸಕ್ಕರೆ ಕಡಿಮೆ) ಅಂತಿದೆ, ದ್ರಾಕ್ಷಿ ಕೊಯ್ದ ವರ್ಷ ಇಲ್ಲ. ಮೂಗಿಗೆ ನಿಂಬೆ, ಹಸಿರು ಸೇಬು. ಬ್ರೆಡ್ ವಾಸನೆ ತೀರಾ ತೆಳು. ಹುಳಿ ಚುರುಕು. ಶಿವಮೊಗ್ಗದ ರುಚಿಕೂಟದಲ್ಲಿ ಇದಕ್ಕೆ ಅಂಕ ಕೊಡಬೇಕು. ಯಾವುದನ್ನು ಶೈಲಿ ಅನ್ನಬೇಕು, ಯಾವುದನ್ನು ಗುಣಮಟ್ಟ ಅನ್ನಬೇಕು? ಗುಳ್ಳೆ ಸಣ್ಣದಿದ್ದಷ್ಟೂ ಒಳ್ಳೆಯದು ಅನ್ನುವ ಮಾತು ನಿಜವೇ?

ಸಾಗರದ ದ್ರಾಕ್ಷಿ
ನೀವು ಹೇಳಿದ್ದೆಲ್ಲ ಶೈಲಿಯೇ. ಅದಕ್ಕೆ ಅಂಕ ಕಳೆಯಬೇಡಿ. ವರ್ಷ ಬರೆಯದ ಶಾಂಪೇನ್ ಬಾಟಲಿಗೆ ತುಂಬಿದ ಮೇಲೆ ಕನಿಷ್ಠ 15 ತಿಂಗಳು ನೆಲಮಾಳಿಗೆಯಲ್ಲಿ ಇರಬೇಕು, ಅದರಲ್ಲಿ 12 ತಿಂಗಳು ಯೀಸ್ಟಿನ ಗಷ್ಟಿನ (ತಳದಲ್ಲಿ ಕೂತ ಸತ್ತ ಯೀಸ್ಟ್) ಜೊತೆ. ವರ್ಷ ಹಾಕಿದ್ದಕ್ಕೆ 3 ವರ್ಷ. ಬನ್, ಟೋಸ್ಟ್ ವಾಸನೆ ಹುಟ್ಟುವುದು ಆ ಗಷ್ಟು ನಿಧಾನ ಕರಗುವುದರಿಂದ. ಕಾಲ ಕಡಿಮೆಯಾದರೆ ಹಣ್ಣೇ ಮುಂದೆ ನಿಲ್ಲುತ್ತದೆ. ಬೆಣ್ಣೆ ವಾಸನೆ ಬೇರೆ ವಿಷಯ: ಮ್ಯಾಲಿಕ್ ಹುಳಿಯನ್ನು ಬ್ಯಾಕ್ಟೀರಿಯಾ ಲ್ಯಾಕ್ಟಿಕ್ ಮಾಡಿದಾಗ ಬರಬಹುದು. ಎರಡನ್ನೂ ಒಂದೇ ಸಾಲಿನಲ್ಲಿ ಬರೆದುಕೊಳ್ಳಬೇಡಿ.

ಗುಣಮಟ್ಟಕ್ಕೆ ನಾಲ್ಕು ನೋಡಿ: ಸಮತೋಲ, ರುಚಿ ಉಳಿಯುವ ಹೊತ್ತು, ತೀವ್ರತೆ, ವಾಸನೆ-ರುಚಿಯ ಪದರಗಳು. ಮೊದಲನೆಯದರಲ್ಲೇ ಹೆಚ್ಚು ಜನ ಎಡವುತ್ತಾರೆ. ಬ್ರೂಟ್ ಅಂದರೆ ಲೀಟರಿಗೆ 12 ಗ್ರಾಂಗಿಂತ ಕಡಿಮೆ ಸಕ್ಕರೆ. 4 ಇದ್ದರೂ ಬ್ರೂಟ್, 11 ಇದ್ದರೂ ಬ್ರೂಟ್. ಗ್ಯಾಸ್ ಮತ್ತು ತಂಪು ಎರಡೂ ಸಕ್ಕರೆಯನ್ನು ಮುಚ್ಚಿಡುತ್ತವೆ. ಅದಕ್ಕೆ ಒಂದು ಗುಟುಕಿನಷ್ಟು ಬೇರೆ ಲೋಟಕ್ಕೆ ಬಗ್ಗಿಸಿ, ಚಮಚದಿಂದ ಕಲಕಿ ಗ್ಯಾಸ್ ಬಿಡಿಸಿ, ಹತ್ತು ನಿಮಿಷ ಬಿಟ್ಟು ರುಚಿ ನೋಡಿ. ಹುಳಿ ಒಂದು ಕಡೆ, ಸಿಹಿ ಒಂದು ಕಡೆ ಅಂತ ಬಿಡಿಬಿಡಿಯಾಗಿ ಕಂಡರೆ ಸಮತೋಲ ಇಲ್ಲ. ಹುಳಿ ಜೋರಾಗಿದ್ದರೂ ಹಣ್ಣು ಅದರ ಜೊತೆಗೇ ನಡೆದರೆ ಅದು ಒಳ್ಳೆಯ ಬಾಟಲಿ.

ಉಗುಳಿದ ಮೇಲೆ ಮನಸ್ಸಿನಲ್ಲೇ ಎಣಿಸಿ. ಐದು ಸೆಕೆಂಡಿನೊಳಗೆ ಹಣ್ಣಿನ ರುಚಿ ಹೋದರೆ ಗಿಡ್ಡ. ಹತ್ತು ದಾಟಿದರೆ ಚೆನ್ನಾಗಿದೆ. ಬರೀ ಹುಳಿ ಉಳಿದರೆ ಎಣಿಕೆಗೆ ತೆಗೆದುಕೊಳ್ಳಬೇಡಿ.

ಕೊಪ್ಪದ ಕಾಫಿತೋಟ
ಗುಳ್ಳೆಯ ಗಾತ್ರದ ಮಾತು ಬಿಡಿ ಮಾರಾಯ್ರೆ. ಗುಳ್ಳೆ ಏಳುವುದು ಲೋಟದೊಳಗೆ ಅಂಟಿರುವ ನೂಲಿನೆಳೆ, ಧೂಳಿನಿಂದ. ಸೋಪಿನ ಅಂಶ ಉಳಿದ ಲೋಟದಲ್ಲಿ ಒಳ್ಳೆಯ ಶಾಂಪೇನೂ ಸತ್ತಂತೆ ಕಾಣುತ್ತದೆ. ನೋಡಬೇಕಾದದ್ದು ನಾಲಿಗೆಯ ಮೇಲೆ: ನೊರೆ ನುಣ್ಣಗೆ ಹರಡುತ್ತದೋ, ಸೋಡಾದ ಹಾಗೆ ಚುಚ್ಚಿ ಮಾಯವಾಗುತ್ತದೋ.

ನಮ್ಮ ಕಡೆ ಮಳೆಗಾಲದಲ್ಲಿ ಇನ್ನೊಂದು ತೊಂದರೆ. ಮರದ ಕಪಾಟಿನಲ್ಲಿ ಬೋರಲು ಹಾಕಿದ ಲೋಟಕ್ಕೆ ಬೂಸಲು ವಾಸನೆ ಹಿಡಿದಿರುತ್ತದೆ. ವೈನ್ ಹಾಕಿದಾಗ ಅದು ಕಾರ್ಕಿನ ದೋಷದ ಹಾಗೇ, ಒದ್ದೆ ರಟ್ಟಿನ ವಾಸನೆ ಬರುತ್ತದೆ, ಬಾಟಲಿಗೆ ಸುಮ್ಮನೆ ಕೆಟ್ಟ ಹೆಸರು. ಮೊದಲು ಖಾಲಿ ಲೋಟ ಮೂಸಿ. ಬಿಸಿನೀರಲ್ಲಿ ತೊಳೆದು, ವೈನಿನಲ್ಲೇ ಒಮ್ಮೆ ಗಲಬರಿಸಿ. ಉದ್ದನೆಯ ಸಪೂರ ಲೋಟ ಬೇಡ, ವಾಸನೆ ಕಟ್ಟಿಹೋಗುತ್ತದೆ. ಬಿಳಿ ವೈನಿನ ಲೋಟ ಸಾಕು.

ಐಸ್ ಜೊತೆ ನೀರೂ ಹಾಕಿದ ಬಕೆಟ್ಟಿನಲ್ಲಿ ಅರ್ಧ ಗಂಟೆ ಇಟ್ಟು, 8ರಿಂದ 10 ಡಿಗ್ರಿಗೆ ಬಗ್ಗಿಸಿ. ಒಬ್ಬರಿಗೆ 60 ಮಿಲಿ. ಬೇಸಿಗೆಯ ಶಿವಮೊಗ್ಗದಲ್ಲಿ ಅದಕ್ಕಿಂತ ಹೆಚ್ಚು ಹಾಕಿದರೆ ಕುಡಿಯುವಷ್ಟರಲ್ಲಿ ಬೆಚ್ಚಗಾಗುತ್ತದೆ. ತೆರೆಯುವಾಗ ಹೆಬ್ಬೆರಳು ಕಾರ್ಕಿನ ಮೇಲೇ ಇರಲಿ, ಕಾರ್ಕ್ ಹಿಡಿದುಕೊಂಡು ಬಾಟಲಿ ತಿರುಗಿಸಿ. ಒಳಗೆ 5ರಿಂದ 6 ಪಟ್ಟು ವಾತಾವರಣದ ಒತ್ತಡ ಇರುತ್ತದೆ.

ತುಂಗಾತೀರ, ತೀರ್ಥಹಳ್ಳಿ
ಬಾಟಲಿ ಬಣ್ಣವಿಲ್ಲದ ಗಾಜು. ಅಂಗಡಿಯಲ್ಲಿ ಟ್ಯೂಬ್‌ಲೈಟ್ ಕೆಳಗೇ ಇಟ್ಟಿದ್ದರು. ಎಷ್ಟು ದಿನದಿಂದ ಇತ್ತೋ ತಿಳಿಯುವುದು ಹೇಗೆ?

ಸಾಗರದ ದ್ರಾಕ್ಷಿ
ಹಾಗಿದ್ದರೆ ಮೊದಲು ಇದನ್ನೇ ಪರೀಕ್ಷಿಸಿ. ಬೆಳಕು ವೈನಿನಲ್ಲಿರುವ ರೈಬೋಫ್ಲೇವಿನ್ (ಬಿ2 ವಿಟಮಿನ್) ಮೂಲಕ ಗಂಧಕದ ವಾಸನೆ ಹುಟ್ಟಿಸುತ್ತದೆ. ಬೇಯಿಸಿದ ಎಲೆಕೋಸು, ಒದ್ದೆ ಉಣ್ಣೆ ವಾಸನೆ ಬಂದರೆ ಬೆಳಕು ತಾಗಿರಬಹುದು. ಕೆಂಪು ವೈನಿನಲ್ಲಿ ಟ್ಯಾನಿನ್ (ಒಗರು ಅಂಶ) ಸ್ವಲ್ಪ ಕಾಯುತ್ತದೆ, ಇಲ್ಲಿ ಆ ರಕ್ಷಣೆ ಇಲ್ಲ. ದೋಷ ಅಷ್ಟು ಜೋರಾಗಿಲ್ಲದಿದ್ದರೆ ನಿಂಬೆಯ ವಾಸನೆ ಮಂಕಾಗುತ್ತದೆ, ಅಷ್ಟೇ.

ಹಿಂಬದಿ ಲೇಬಲ್‌ನಲ್ಲಿ ಗಷ್ಟು ತೆಗೆದ ತಿಂಗಳು ಬರೆದಿದ್ದರೆ ಗುರುತು ಹಾಕಿಕೊಳ್ಳಿ. ಆಮೇಲೆ ಸೆಕೆಯಲ್ಲಿ ಬಹಳ ಕಾಲ ನಿಂತಿದ್ದರೆ ಬಣ್ಣ ಗಾಢ ಹೊನ್ನಾಗಿ, ಕತ್ತರಿಸಿಟ್ಟು ಕಂದಿದ ಸೇಬಿನ ವಾಸನೆ ಬಂದು, ನೊರೆ ಬೇಗ ಕುಸಿದಿರುತ್ತದೆ. ಎಲೆಕೋಸೋ ಕಂದಿದ ಸೇಬೋ ಸ್ಪಷ್ಟವಾಗಿ ಬಂದರೆ ಅಂಕ ಕೊಡಬೇಡಿ, ಇನ್ನೊಂದು ಬಾಟಲಿ ತೆರೆಯಿರಿ.