14 ಔನ್ಸಿನ ಕರಾಟೆ ಗಿ: ಎಷ್ಟು ಇಸ್ತ್ರಿ ಮಾಡಿದರೂ ಸುಕ್ಕು ಹೋಗುತ್ತಿಲ್ಲ, ಕಾಲರ್ ಉಬ್ಬಿಕೊಂಡಿದೆ

ಪ್ರಶ್ನೆ

ನಮಸ್ಕಾರ. ಹಲವು ವರ್ಷ ತೆಳುವಾದ ಪಾಲಿಯೆಸ್ಟರ್ ಮಿಶ್ರಣದ ಸಮವಸ್ತ್ರದಲ್ಲೇ ಅಭ್ಯಾಸ ಮಾಡಿದ ನಾನು ಮೂರು ತಿಂಗಳ ಹಿಂದೆ, ಕಟಾ (ನಿಗದಿತ ಚಲನೆಗಳ ಪ್ರದರ್ಶನ) ಸ್ಪರ್ಧೆಗೆಂದು, 14 ಔನ್ಸ್ ತೂಕದ ಅಪ್ಪಟ ಹತ್ತಿ ಕ್ಯಾನ್ವಾಸಿನ ಗಿ (ಕರಾಟೆ ಸಮವಸ್ತ್ರ) ಕೊಂಡೆ. ಯಂತ್ರದಲ್ಲಿ ಒಗೆದು, ಬಿಸಿಲಿನಲ್ಲಿ ಪೂರ್ತಿ ಒಣಗಿಸಿ, ಮರುದಿನ ಇಸ್ತ್ರಿಗೆ ತೆಗೆದುಕೊಂಡರೆ ಬಟ್ಟೆ ರಟ್ಟಿನಂತೆ ಸೆಟೆದಿರುತ್ತದೆ. ಇಸ್ತ್ರಿಪೆಟ್ಟಿಗೆಯ ಶಾಖವನ್ನು ತುದಿಗೇರಿಸಿ, ಆವಿ ಬಿಡುತ್ತ ಮುಕ್ಕಾಲು ಗಂಟೆ ಉಜ್ಜಿದರೂ ಬೆನ್ನಿನ ಅಡ್ಡ ಸುಕ್ಕುಗಳು ಕದಲುವುದಿಲ್ಲ. ಬದಲಿಗೆ ಎಡತೋಳಿನ ಮೇಲೆ ಮಿರಿಮಿರಿ ಹೊಳೆಯುವ ಪಟ್ಟೆಯೊಂದು ಮೂಡಿದೆ. ಕಾಲರ್ ಹೊಲಿಗೆಯ ಸಾಲುಗಳ ನಡುವೆ ಗುಳ್ಳೆ ಎದ್ದಂತೆ ಉಬ್ಬಿದೆ. ಕಂಕುಳಿನ ಹಳದಿ ಕಲೆ ಹೋಗಲೆಂದು ಕ್ಲೋರಿನ್ ಬ್ಲೀಚ್ ಹಾಕಿದೆ, ಅದು ಇನ್ನಷ್ಟು ಹಳದಿಯಾಯಿತು. ಎಲ್ಲಿ ತಪ್ಪುತ್ತಿದ್ದೇನೆ?

ಮೊದಲ ಉತ್ತರ

ನಿಮ್ಮ ತಪ್ಪು ಇಸ್ತ್ರಿಯಲ್ಲಿಲ್ಲ, ಇಸ್ತ್ರಿಗೆ ಮುಂಚೆಯೇ ಬಟ್ಟೆಯನ್ನು ಪೂರ್ತಿ ಒಣಗಲು ಬಿಡುವುದರಲ್ಲಿದೆ. 14 ಔನ್ಸ್ ಎಂದರೆ ಒಂದು ಚದರ ಗಜ ಬಟ್ಟೆಯ ತೂಕ. ನಮ್ಮ ಲೆಕ್ಕದಲ್ಲಿ ಚದರ ಮೀಟರಿಗೆ ಸುಮಾರು 475 ಗ್ರಾಂ. ಇಷ್ಟು ದಪ್ಪದ ಕ್ಯಾನ್ವಾಸಿನಲ್ಲಿ ಇಸ್ತ್ರಿಪೆಟ್ಟಿಗೆಯ ಆವಿ ಮೇಲ್ಮೈಯನ್ನಷ್ಟೇ ತೋಯಿಸುತ್ತದೆ, ಒಳಗಿನ ನೂಲು ಒಣಗಿಯೇ ಉಳಿಯುತ್ತದೆ. ಹತ್ತಿಯ ಎಳೆಗಳೊಳಗೆ ಸೆಲ್ಯುಲೋಸಿನ ಸರಪಳಿಗಳು ಹೈಡ್ರೋಜನ್ ಬಂಧಗಳಿಂದ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ನೀರು ಆ ಬಂಧಗಳನ್ನು ಸಡಿಲಿಸುತ್ತದೆ, ಒಣಗುವಾಗ ಬಟ್ಟೆ ಯಾವ ಆಕಾರದಲ್ಲಿದೆಯೋ ಆ ಆಕಾರದಲ್ಲೇ ಅವು ಮತ್ತೆ ಕಚ್ಚಿಕೊಳ್ಳುತ್ತವೆ. ಸುಕ್ಕಿನೊಂದಿಗೇ ಒಣಗಿದ ಕ್ಯಾನ್ವಾಸನ್ನು ಬರಿಯ ಶಾಖದಿಂದ ನೇರ ಮಾಡಹೊರಟರೆ ಸಿಗುವುದು ಹೊಳಪು ಮಾತ್ರ, ಏಕೆಂದರೆ ಮೇಲಿನ ಎಳೆಗಳು ಚಪ್ಪಟೆಯಾಗಿರುತ್ತವೆ. ನಿಮ್ಮ ತೋಳಿನ ಪಟ್ಟೆ ಅದೇ. ಬಟ್ಟೆ ಕಂದು ಬಣ್ಣಕ್ಕೆ ತಿರುಗಿಲ್ಲವಾದರೆ ಸುಟ್ಟಿಲ್ಲ ಎಂದರ್ಥ, ಒದ್ದೆ ಮಾಡಿ ಒಂದೆರಡು ಸಲ ಒಗೆದರೆ ಬಹುಮಟ್ಟಿಗೆ ಮಾಸುತ್ತದೆ.

ಒಗೆಯುವಾಗ ತಣ್ಣೀರು ಅಥವಾ 30 ಡಿಗ್ರಿ ಸೆಲ್ಸಿಯಸ್ ಸಾಕು. ಹಿಂಡುವ ವೇಗವನ್ನು ಯಂತ್ರದಲ್ಲಿ ಎಷ್ಟು ಕಡಿಮೆ ಇಡಲು ಸಾಧ್ಯವೋ ಅಷ್ಟು ಕಡಿಮೆ ಇಡಿ. ನಿಮ್ಮ ಬೆನ್ನಿನ ಅಡ್ಡ ಸುಕ್ಕುಗಳು ಹುಟ್ಟುವುದು ಅಲ್ಲಿಯೇ ಎಂಬುದು ನನ್ನ ಅನುಮಾನ. ಹೊರತೆಗೆದ ಕೂಡಲೇ ಎರಡೂ ಭುಜಗಳನ್ನು ಹಿಡಿದು ನಾಲ್ಕಾರು ಸಲ ಜೋರಾಗಿ ಕೊಡವಿ, ಹೊಲಿಗೆಗಳನ್ನು ಉದ್ದಕ್ಕೆ ಎಳೆದು, ಅಗಲವಾದ ಹ್ಯಾಂಗರಿಗೆ ಹಾಕಿ. ಒದ್ದೆ ಗಿ ಬಹಳ ಭಾರ, ತಂತಿಯ ಹ್ಯಾಂಗರು ಬಾಗಿ ಭುಜದಲ್ಲಿ ಗೂನು ಬೀಳಿಸುತ್ತದೆ, ತುಕ್ಕಿನ ಕಲೆಯನ್ನೂ ಕೊಡುತ್ತದೆ.

ಇಸ್ತ್ರಿಯ ಹದ ತಿಳಿಯಲು ಬಟ್ಟೆಯನ್ನು ಕೆನ್ನೆಗೆ ಒತ್ತಿ ನೋಡಿ: ತಣ್ಣಗೆ ಅನಿಸಬೇಕು, ಆದರೆ ಕೆನ್ನೆ ಒದ್ದೆಯಾಗಬಾರದು. ಹದ ತಪ್ಪಿ ಒಣಗಿಹೋದರೆ ನೀರು ಚಿಮುಕಿಸಿ, ಬಿಗಿಯಾಗಿ ಸುರುಳಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಎರಡು ಮೂರು ಗಂಟೆ ಇಡಿ. ತೇವ ಒಳಗಿನವರೆಗೂ ಸಮನಾಗಿ ಹರಡುತ್ತದೆ. ಮರೆತು ಎರಡು ದಿನ ಬಿಟ್ಟರೆ ಬೂಷ್ಟು ಹಿಡಿಯುತ್ತದೆ.

ಮೊದಲು ಕಾಲರ್. ಅದು ಹಲವು ಪದರಗಳನ್ನು ಸೇರಿಸಿ ಸಾಲುಸಾಲಾಗಿ ಹೊಲಿದ ಪಟ್ಟಿ. ಪದರಗಳೂ ಹೊಲಿಗೆಯ ದಾರವೂ ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲವಾದ್ದರಿಂದ ಹೆಚ್ಚು ಬಟ್ಟೆ ಉಳಿದ ಕಡೆ ಉಬ್ಬು ಬರುತ್ತದೆ. ಇನ್ನೂ ಹಸಿ ಇರುವಾಗಲೇ ಒಂದು ಗೇಣಿನಷ್ಟು ಭಾಗವನ್ನು ಎರಡೂ ತುದಿ ಹಿಡಿದು ಬಲವಾಗಿ ಎಳೆದು, ಇಸ್ತ್ರಿಪೆಟ್ಟಿಗೆಯನ್ನು ಅದರ ಮೇಲೆ ಇರಿಸಿ ಒತ್ತಿ, ಎತ್ತಿ, ಮುಂದಿನ ಗೇಣಿಗೆ ಹೋಗಿ. ಉಜ್ಜಿದರೆ ಉಬ್ಬು ಮುಂದಕ್ಕೆ ಸರಿದು, ಹೊಲಿಗೆಗೆ ಸಿಕ್ಕಿ ಮಡಿಕೆಯಾಗಿ ಕೂರುತ್ತದೆ. ಆಮೇಲೆ ಗಿಯನ್ನು ತಿರುವಿ ಒಳಮೈಯಿಂದ ತೋಳು, ಬೆನ್ನು, ಮುಂಭಾಗ. ಅಪ್ಪಟ ಹತ್ತಿಗೆ ಮೂರು ಚುಕ್ಕಿಯ ಗುರುತು, ಅಂದರೆ ಗರಿಷ್ಠ 200 ಡಿಗ್ರಿ. ನಿಮ್ಮ ಹಳೆಯ ಮಿಶ್ರಣದ ಬಟ್ಟೆಗೆ ಎರಡೇ ಚುಕ್ಕಿ, 150 ಡಿಗ್ರಿ. ಕಸೂತಿ, ಲಾಂಛನಗಳ ಮೇಲೆ ತೆಳು ಹತ್ತಿಬಟ್ಟೆ ಹಾಸಿಯೇ ಒತ್ತಬೇಕು, ಅವುಗಳ ದಾರ ಸಾಮಾನ್ಯವಾಗಿ ಪಾಲಿಯೆಸ್ಟರ್. ಪ್ಯಾಂಟಿಗೆ ವಿಶೇಷವೇನಿಲ್ಲ, ಲಾಡಿಯ ಸುರಂಗವನ್ನು ಬಿಡಿಸಿಟ್ಟುಕೊಂಡರೆ ಸಾಕು.

ಕ್ಲೋರಿನ್ ಬ್ಲೀಚನ್ನು ಇನ್ನು ಮುಟ್ಟಬೇಡಿ. ಅದು ಬೆವರಿನ ಪ್ರೋಟೀನಿನೊಂದಿಗೆ ವರ್ತಿಸಿ ಹಳದಿಯನ್ನು ಹೆಚ್ಚಿಸುತ್ತದೆ, ಹತ್ತಿಯನ್ನೂ ತಿನ್ನುತ್ತದೆ. ಚೆನ್ನಾಗಿ ಜಾಲಿಸಿದ ಮೇಲೆ ಸೋಡಿಯಂ ಪರ್‌ಕಾರ್ಬೊನೇಟ್ ಇರುವ ಆಕ್ಸಿಜನ್ ಬ್ಲೀಚಿನಲ್ಲಿ, ಉಗುರು ಬೆಚ್ಚಗಿನ ನೀರಿನಲ್ಲಿ ನೆನೆಸಿ. ಬ್ಲೀಚಿನ ವಾಸನೆ ಹೋಗಲೆಂದು ವಿನೆಗರ್ ಬೆರೆಸುವ ಉಪಾಯವನ್ನು ಯಾರಾದರೂ ಹೇಳಿದರೆ ಕೇಳಬೇಡಿ. ಅದರಿಂದ ಹೊರಡುವುದು ವಿಷಕಾರಿ ಕ್ಲೋರಿನ್ ಅನಿಲ.

ಎರಡನೆಯ ಉತ್ತರ

ಮೇಲಿನವರು ಗಂಜಿಯ ವಿಷಯ ಬಿಟ್ಟಿದ್ದಾರೆ. ತೋಳು ಬೀಸಿದಾಗ ಬರುವ ಆ "ಫಟ್" ಸದ್ದಿಗಾಗಿ ಹಲವರು ಗಂಜಿ ಹಾಕುತ್ತಾರೆ, ನಾನೂ ಕೆಲವು ವರ್ಷ ಹಾಕಿದ್ದೆ. 12 ಔನ್ಸಿಗೆ ಅದು ಒಪ್ಪುತ್ತದೆ. 14 ಔನ್ಸಿನ ಬಟ್ಟೆಗೆ ಅಷ್ಟು ಗಡಸುತನ ಸ್ವಂತದ್ದೇ ಇರುವುದರಿಂದ ಗಂಜಿ ಕೊರಳನ್ನು ಉಜ್ಜಿ ಕೆಂಪಾಗಿಸುವುದಷ್ಟೇ ಲಾಭ. ಬಟ್ಟೆಯೊಳಕ್ಕೆ ಇಳಿಯುವ ಮೊದಲೇ ಬಿಸಿ ತಗುಲಿದರೆ ಕಂದು ಹಕ್ಕಳೆಯಾಗಿ ಇಸ್ತ್ರಿಪೆಟ್ಟಿಗೆಯ ತಳಕ್ಕೂ ಮೆತ್ತುತ್ತದೆ. ಫ್ಯಾಬ್ರಿಕ್ ಕಂಡೀಷನರನ್ನಂತೂ ಹಾಕಲೇಬೇಡಿ, ಅದು ಎಳೆಗಳಿಗೆ ಲೇಪವಾಗಿ ಕುಳಿತು ಬಟ್ಟೆ ಬೆವರು ಹೀರುವುದನ್ನು ತಗ್ಗಿಸುತ್ತದೆ. ಜೂಡೋ ಮಾಡುವವರು ಇದನ್ನು ಓದುತ್ತಿದ್ದರೆ ಒಂದು ಮಾತು: ನಿಮ್ಮ ಮೇಲಂಗಿ ಅಕ್ಕಿಕಾಳಿನಂಥ ಉಬ್ಬು ನೇಯ್ಗೆಯದು, ಅದಕ್ಕೆ ಇಸ್ತ್ರಿಯ ಅಗತ್ಯವೇ ಇಲ್ಲ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದ. ನಿನ್ನೆ ಅರೆಹಸಿ ಇರುವಾಗಲೇ ಇಸ್ತ್ರಿ ಮಾಡಿದೆ. ಬೆನ್ನು ಇಪ್ಪತ್ತು ನಿಮಿಷದಲ್ಲಿ ಹಲಗೆಯಂತಾಯಿತು. ಹಳದಿ ಅರ್ಧಕ್ಕೂ ಹೆಚ್ಚು ಇಳಿದಿದೆ. ಆದರೆ ಖುಷಿಯಲ್ಲಿ ಬಿಸಿ ಬಿಸಿಯಾಗಿಯೇ ಮಡಚಿ ಚೀಲಕ್ಕೆ ಹಾಕಿದ್ದರಿಂದ ಇಂದು ಬೆಳಿಗ್ಗೆ ಮಡಿಕೆಯ ಜಾಗದಲ್ಲೆಲ್ಲ ಹೊಸ ಗೆರೆಗಳು ಬಿದ್ದಿದ್ದವು. ಕಾಲರಿನ ಎಡಭಾಗದಲ್ಲಿ ಎರಡು ಉಬ್ಬುಗಳೂ ಹಾಗೆಯೇ ಉಳಿದಿವೆ.

ಮೊದಲ ಉತ್ತರ ಬರೆದವರಿಂದ

ಬಿಸಿ ಇರುವಷ್ಟು ಹೊತ್ತು ಒಳಗೆ ತೇವವೂ ಇರುತ್ತದೆ. ಅರ್ಧ ಗಂಟೆ ಹ್ಯಾಂಗರಿನಲ್ಲಿ ಬಿಟ್ಟು, ಪೂರ್ತಿ ಆರಿದ ಮೇಲೆ ಮಡಚಿ. ಉಳಿದ ಉಬ್ಬುಗಳನ್ನು ಬೆರಳಿನಿಂದ ಹಿಂಡಿ ನೋಡಿ: ಪದರಗಳು ಒಂದರ ಮೇಲೊಂದು ಜಾರಿದರೆ ಮುಂದಿನ ಒಗೆತದಲ್ಲಿ ಎಳೆದು ಸರಿಪಡಿಸಬಹುದು. ಜಾರದೆ ದಾರವೇ ಬಿಗಿದು ನಿಂತಿದ್ದರೆ ಅದು ದರ್ಜಿಯ ಕೆಲಸ. ಆ ಸಾಲಿನ ಹೊಲಿಗೆ ಬಿಚ್ಚಿ ಮತ್ತೆ ಹೊಲಿಸಬೇಕು.