‘ರೆಸಿಸ್ಟೆಡ್ ಸ್ಪ್ರಿಂಟ್’ಗೆ ‘ಜಗ್ಗೋಟ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ. ಹೈಸ್ಕೂಲ್ ಮಕ್ಕಳಿಗೆ ಓಟ ಕಲಿಸುವವರಿಗೆ ಅಂತ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ‘ರೆಸಿಸ್ಟೆಡ್ ಸ್ಪ್ರಿಂಟ್’, ಅಂದರೆ ಹಿಂದಕ್ಕೆ ಎಳೆಯುವ ಭಾರ ಕಟ್ಟಿಕೊಂಡು ಜೋರಾಗಿ ಓಡುವ ಅಭ್ಯಾಸ, ಅನ್ನುವ ಮಾತಿನ ಹತ್ತಿರ ಬಂದು ಎರಡು ದಿನದಿಂದ ನಿಂತಿದ್ದೇನೆ.

ಮೊದಲು ‘ಪ್ರತಿರೋಧ ಓಟ’ ಅಂತ ಬರೆದೆ. ಓದಿದವರೊಬ್ಬರು, ಇದು ಪ್ರತಿಭಟನೆಯ ಓಟವಾ ಅಂತ ಕೇಳಿದರು. ‘ತಡೆ ಓಟ’ ಅಂದರೆ ಮಕ್ಕಳು ಹರ್ಡಲ್ಸ್ ಅಂದುಕೊಳ್ಳುತ್ತಾರೆ, ಅದನ್ನು ಅಡೆತಡೆ ಓಟ ಅನ್ನುವ ರೂಢಿ ಆಗಲೇ ಇದೆ ಅಲ್ವಾ.

ಮೈದಾನದಲ್ಲಿ ನಡೆಯುವುದು ಇದು: ಸೊಂಟಕ್ಕೆ ಬೆಲ್ಟು, ಬೆಲ್ಟಿಗೆ ಹಗ್ಗ, ಹಗ್ಗದ ತುದಿಗೆ ಸ್ಲೆಡ್ಡು (ತೂಕ ಹೇರಿ ನೆಲದ ಮೇಲೆ ಎಳೆಯುವ ಚೌಕಟ್ಟು), ಅದಿಲ್ಲದ ಕಡೆ ಹಳೇ ಟೈರು. ಹಗ್ಗ ಬಿಗಿಯಾಗುವವರೆಗೆ ಮುಂದೆ ಸರಿದು ನಿಂತು, ಮೈ ಬಾಗಿಸಿ, ನೆಲವನ್ನು ಹಿಂದಕ್ಕೆ ಒದ್ದು ಒಂದು 20 ಮೀಟರ್ ಓಡಬೇಕು. ಓಡುವಷ್ಟು ಹೊತ್ತೂ ಟೈರು ಹಿಂದಕ್ಕೆ ಜಗ್ಗುತ್ತದೆ. ಅದಕ್ಕೆ ಎದುರಾಗಿ ಒದ್ದು ಒದ್ದೇ ಕಾಲಿಗೆ ಕಸುವು ಬರುವುದು. ಅದೇ ಟೈರು ಹುಲ್ಲಿನ ಮೇಲೆ ಜಗ್ಗುವುದೇ ಬೇರೆ, ಸಿಂಥೆಟಿಕ್ ಟ್ರ್ಯಾಕ್ ಮೇಲೆ ಜಗ್ಗುವುದೇ ಬೇರೆ, ಹಾಗಾಗಿ ಬರೀ ಕೆಜಿ ನೋಡಿದರೆ ಸಾಲದು, ಓಟದ ವೇಗ ಎಷ್ಟು ಇಳಿಯಿತು ಅಂತಲೂ ಕೋಚ್‌ಗಳು ನೋಡುತ್ತಾರೆ. ಶೇ 10ಕ್ಕಿಂತ ಜಾಸ್ತಿ ಇಳಿಯಬಾರದು ಅನ್ನುವುದು ಹಳೇ ಲೆಕ್ಕ, ಈಗ ಅದಕ್ಕಿಂತ ಭಾರ ಹಾಕಿಸುವವರೂ ಇದ್ದಾರೆ. ಭಾರ ಒಂದೇ ಇದ್ದರೂ ಜಗ್ಗು ಬದಲಾಗುತ್ತದೆ ಅನ್ನುವುದಕ್ಕೇ ನನಗೆ ‘ಭಾರದ ಓಟ’ ಒಪ್ಪಿಗೆಯಾಗಲಿಲ್ಲ. ಹೆಸರಿನಲ್ಲಿ ಬರಬೇಕಾದ್ದು ಆ ಜಗ್ಗು.

ಜಗ್ಗು, ಓಟ ಸೇರಿದರೆ ಜಗ್ಗೋಟ. ಹಗ್ಗಜಗ್ಗಾಟ ಗೊತ್ತಿರುವ ಮಗುವಿಗೆ ತಕ್ಷಣ ಹೊಳೆಯುತ್ತದೆ. ಆದರೆ ‘ಯಾವುದಕ್ಕೂ ಜಗ್ಗದವನು’ ಅನ್ನುವಾಗ ಜಗ್ಗು ಅಂದರೆ ಮಣಿಯುವುದು. ಆ ಅರ್ಥ ಅಡ್ಡ ಬರುತ್ತದಾ?

ಇನ್ನೊಂದು ತೊಡಕು. ಕಂಬಳದ ಓಟವೂ ಜಗ್ಗೋಟವೇ ಅಂದರು ಗೆಳೆಯರೊಬ್ಬರು. 2020ರಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದು ನೆನಪಿರಬೇಕು. ಅಲ್ಲಿ ಕೋಣಗಳು ಓಡುವವನನ್ನು ಮುಂದಕ್ಕೆ ಎಳೆಯುತ್ತವೆ, ಇದು ಪೂರ್ತಿ ಉಲ್ಟಾ. ಹಿಂದಿನಿಂದ ಅನ್ನುವುದು ತಿಳಿಯಲಿ ಅಂತ ‘ಹಿಂಜಗ್ಗೋಟ’ ಮಾಡಿ ನೋಡಿದೆ, ಬಾಯಿಗೆ ಸಲೀಸಾಗಲಿಲ್ಲ.

ಗುಡ್ಡ ಹತ್ತಿ ಓಡುವುದೂ ಇಂಗ್ಲಿಷಿನಲ್ಲಿ ಇದೇ ಗುಂಪಿಗೆ ಸೇರುತ್ತದೆ. ಅಲ್ಲಿ ಹಗ್ಗವೇ ಇಲ್ಲ, ಅದಕ್ಕೆ ಬೇರೆಯಾಗಿ ‘ಏರೋಟ’ ಅಂತ ಇಟ್ಟಿದ್ದೇನೆ.

ನಮ್ಮ ಕಡೆ ಜಾಸ್ತಿ ‘ಎಳೆ’ ಅನ್ನುತ್ತೇವೆ. ಧಾರವಾಡ, ಬಾಗಲಕೋಟೆ ಕಡೆಯವರು ದಿನಾ ‘ಜಗ್ಗು’ ಅನ್ನುವವರು, ನಿಮ್ಮ ಕಿವಿಗೆ ಜಗ್ಗೋಟ ಹೇಗೆ ಕೇಳುತ್ತದೆ? ಟೈರು ಕಟ್ಟಿಕೊಂಡು ಓಡುವುದಕ್ಕೆ ನಿಮ್ಮೂರಿನ ಹುಡುಗರು ಆಗಲೇ ಏನಾದರೂ ಹೆಸರಿಟ್ಟಿದ್ದರೆ ದಯವಿಟ್ಟು ಬರೆಯಿರಿ, ನನ್ನದನ್ನು ಬಿಟ್ಟು ಅದನ್ನೇ ಹಾಕುತ್ತೇನೆ.