ಗ್ರಾಮ ಪಂಚಾಯಿತಿ ಚುನಾವಣೆ: ಮತ ಹಾಕುವ ಮುನ್ನ ಏನನ್ನು ವಿಚಾರಿಸಬೇಕು?

ಪ್ರಶ್ನೆ: ಮಾನ್ಯರೇ, ನಾನು ಮೊದಲ ಬಾರಿಗೆ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಮತ ಹಾಕಲಿದ್ದೇನೆ. ನಮ್ಮ ವಾರ್ಡಿನಲ್ಲಿ ನಿಲ್ಲಲು ಹೊರಟವರೆಲ್ಲ ಪರಿಚಯದವರೇ. ಒಬ್ಬರು ಎಲ್ಲರಿಗೂ ರೇಷನ್ ಕಾರ್ಡ್ ಮಾಡಿಸುತ್ತೇನೆ ಎನ್ನುತ್ತಾರೆ, ಇನ್ನೊಬ್ಬರು ಆಸ್ಪತ್ರೆಗೆ ವೈದ್ಯರನ್ನು ತರುತ್ತೇನೆ ಎನ್ನುತ್ತಾರೆ. ಪಕ್ಷದ ಚಿಹ್ನೆಯೂ ಇಲ್ಲದ ಈ ಚುನಾವಣೆಯಲ್ಲಿ ಯಾವ ಆಧಾರದ ಮೇಲೆ ತೀರ್ಮಾನಿಸಬೇಕು?

ಉತ್ತರ (ನಿವೃತ್ತ ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ): ಅಭ್ಯರ್ಥಿಗಿಂತ ಮೊದಲು ಪಂಚಾಯಿತಿಯನ್ನು ತಿಳಿದುಕೊಳ್ಳಿ ಎಂಬುದೇ ನನ್ನ ಸಲಹೆ. ಕುಡಿಯುವ ನೀರು, ಬೀದಿ ದೀಪ, ಚರಂಡಿ, ಊರೊಳಗಿನ ರಸ್ತೆ, ಕಸ ವಿಲೇವಾರಿ, ಮನೆ ಕಂದಾಯ, ಇ-ಸ್ವತ್ತಿನ ನಮೂನೆಗಳು (ಆಸ್ತಿಯ ದಾಖಲೆಗಳು), ವಸತಿ ಯೋಜನೆಯ ಫಲಾನುಭವಿಗಳ ಆಯ್ಕೆ, ಇವು ಪಂಚಾಯಿತಿಯ ಕೈಯಲ್ಲಿರುವ ಕೆಲಸಗಳು. ರೇಷನ್ ಕಾರ್ಡ್ ಆಹಾರ ಇಲಾಖೆಗೆ ಸೇರಿದ್ದು. ವೈದ್ಯರ ನೇಮಕ ಆರೋಗ್ಯ ಇಲಾಖೆಯದು. ಸದಸ್ಯರು ಅರ್ಜಿ ಬರೆದುಕೊಡಬಹುದು, ಜತೆಗೆ ಓಡಾಡಬಹುದು, ಆದರೆ ಮಂಜೂರು ಮಾಡುವ ಅಧಿಕಾರ ಅವರಿಗಿಲ್ಲ. ತಮ್ಮ ಕೈಯಲ್ಲಿಲ್ಲದ್ದನ್ನು ಕೊಡುತ್ತೇನೆ ಎನ್ನುವವರು ಒಂದೋ ಆ ಸ್ಥಾನವನ್ನು ಅರಿತಿಲ್ಲ, ಇಲ್ಲವೇ ನಿಮಗೆ ಅರಿವಿಲ್ಲ ಎಂದು ಭಾವಿಸಿದ್ದಾರೆ. ಹಾಗಾಗಿ ಬೇಸಿಗೆಯಲ್ಲಿ ಕೊಳವೆಬಾವಿ ಬತ್ತಿದಾಗ ಏನು ಮಾಡುತ್ತೀರಿ, ನಮ್ಮ ಬೀದಿಯ ಚರಂಡಿಯ ನೀರು ಕೊನೆಗೆ ಎಲ್ಲಿಗೆ ಹೋಗಬೇಕು ಎಂಬಂಥ ಪ್ರಶ್ನೆಗಳನ್ನು ಕೇಳಿ.

ಪ್ರಶ್ನೆ: ಈಗಿನ ಸದಸ್ಯರೇ ಮತ್ತೆ ನಿಲ್ಲುತ್ತಿದ್ದಾರೆ. ಅವರು ಮಾಡಿದ್ದನ್ನು ಪರಿಶೀಲಿಸುವುದು ಹೇಗೆ? ಕಚೇರಿಯಲ್ಲಿ ಕೇಳಿದರೆ ಯಾರೂ ಸರಿಯಾಗಿ ಉತ್ತರಿಸುವುದಿಲ್ಲ.

ಉತ್ತರ: ಬಾಯಿಮಾತಿನಲ್ಲಿ ಕೇಳಿದರೆ ಉತ್ತರ ಸಿಗದಿರಬಹುದು, ದಾಖಲೆಯ ಹೆಸರು ಹೇಳಿ ಕೇಳಿ. ವಾರ್ಷಿಕ ಕ್ರಿಯಾ ಯೋಜನೆ, ಸಾಮಾನ್ಯ ಸಭೆಗಳ ನಡಾವಳಿ ಮತ್ತು ಹಾಜರಾತಿ, ನಿಮ್ಮ ವಾರ್ಡಿನ ಕಾಮಗಾರಿಗಳ ಬಿಲ್ಲು, ಈ ಮೂರು ಸಾಕು. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಅಧಿನಿಯಮದಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬಹುದು. ಉತ್ತರಕ್ಕೆ 30 ದಿನಗಳ ಅವಧಿ ಇರುವುದರಿಂದ ಚುನಾವಣೆ ಘೋಷಣೆಯಾಗುವವರೆಗೆ ಕಾಯಬೇಡಿ.

ಇದಕ್ಕಿಂತ ಸುಲಭವಾದ, ಆದರೆ ಜನ ಬಹುತೇಕ ಮರೆತಿರುವ ದಾರಿ ಜಮಾಬಂದಿ. ವರ್ಷಕ್ಕೊಮ್ಮೆ ಹಿಂದಿನ ಸಾಲಿನ ಲೆಕ್ಕಪತ್ರಗಳನ್ನು ಜನರ ಮುಂದಿಟ್ಟು, ಕಾಮಗಾರಿಗಳನ್ನು ಸ್ಥಳದಲ್ಲಿಯೇ ಪರಿಶೀಲಿಸುವ ಕಾರ್ಯಕ್ರಮ ಅದು. ನಾನು ಕೆಲಸ ಮಾಡಿದ ಒಂದು ಪಂಚಾಯಿತಿಯಲ್ಲಿ ಹಿರಿಯ ಮಹಿಳೆಯೊಬ್ಬರು ಬೀದಿ ದೀಪಗಳ ಬಿಲ್ಲನ್ನು ಓದಿಸಿ ಕೇಳಿ, ಎಲ್ಲರನ್ನೂ ತಮ್ಮ ಬೀದಿಗೆ ಕರೆದೊಯ್ದು, ಉರಿಯುವ ದೀಪಗಳನ್ನು ಒಂದೊಂದಾಗಿ ಎಣಿಸಿದರು. ಬಿಲ್ಲಿನಲ್ಲಿದ್ದಷ್ಟು ದೀಪಗಳು ಕಂಬದಲ್ಲಿರಲಿಲ್ಲ. ಅಂದು ಆ ಲೆಕ್ಕಕ್ಕೆ ಸಹಿ ಮಾಡಿದ್ದವನು ನಾನೂ ಆಗಿದ್ದರಿಂದ, ಅದನ್ನು ಇವತ್ತಿಗೂ ಮರೆತಿಲ್ಲ. ಗ್ರಾಮ ಸಭೆಯೂ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಅಲ್ಲಿ ನಿಮ್ಮ ಸದಸ್ಯರು ಯಾವ ವಿಷಯಕ್ಕೆ ಎದ್ದು ನಿಂತು ಮಾತನಾಡಿದರು ಎಂದು ಬಂದವರನ್ನು ವಿಚಾರಿಸಿ.

ಪ್ರಶ್ನೆ (ಬೇರೊಬ್ಬ ಮಹಿಳೆ): ನಮ್ಮ ವಾರ್ಡಿನಲ್ಲಿ ಮೂರು ಸ್ಥಾನಗಳಿವೆ, ಒಂದು ಮಹಿಳೆಗೆ ಮೀಸಲು. ನಾನು ಎಷ್ಟು ಮತ ಹಾಕಬೇಕು? ಆ ಮೀಸಲು ಸ್ಥಾನದ ಅಭ್ಯರ್ಥಿಯೊಬ್ಬರ ಪರವಾಗಿ ಅವರ ಪತಿಯೇ ಮನೆಮನೆಗೆ ಬರುತ್ತಿದ್ದಾರೆ.

ಉತ್ತರ: ಮೂರು ಸ್ಥಾನಗಳಿದ್ದರೆ ಮೂರು ಮತಗಳವರೆಗೆ ಹಾಕಬಹುದು, ಆದರೆ ಒಬ್ಬ ಅಭ್ಯರ್ಥಿಗೆ ಒಂದೇ ಮತ. ಮೀಸಲು ಸ್ಥಾನದ ಅಭ್ಯರ್ಥಿಗೆ ಆ ವಾರ್ಡಿನ ಎಲ್ಲ ಮತದಾರರೂ ಮತ ಹಾಕಬಹುದು. ಇದನ್ನು ತಿಳಿಯದೆ ಒಂದೇ ಮತ ಹಾಕಿ ಮರಳುವವರನ್ನು ನಾನು ಕಂಡಿದ್ದೇನೆ.

ಎರಡನೆಯ ವಿಷಯ ನನ್ನ ಮನಸ್ಸಿಗೆ ಹತ್ತಿರವಾದದ್ದು. ಕರ್ನಾಟಕದಲ್ಲಿ ಪಂಚಾಯಿತಿ ಸ್ಥಾನಗಳಲ್ಲಿ ಅರ್ಧದಷ್ಟು ಮಹಿಳೆಯರಿಗೆ ಮೀಸಲಾಗಿವೆ. ಸಭೆಯಲ್ಲಿ ಕೂರುವವರು, ನಡಾವಳಿಗೆ ಸಹಿ ಮಾಡುವವರು ಅಭ್ಯರ್ಥಿಯೇ ಹೊರತು ಅವರ ಪತಿಯಲ್ಲ. ಆದ್ದರಿಂದ ಪತಿ ಬಂದಾಗ, “ಅಣ್ಣಾ, ಅಕ್ಕನ ಹತ್ತಿರವೇ ಮಾತನಾಡಬೇಕಿತ್ತು” ಎಂದು ವಿನಯದಿಂದ ಹೇಳಿ, ನೇರವಾಗಿ ಅವರನ್ನೇ ಭೇಟಿಯಾಗಿ. ಅವಕಾಶ ಸಿಕ್ಕಾಗ ಊರಿನ ನೀರಿನ ಸಮಸ್ಯೆಯನ್ನು ಎಲ್ಲರಿಗಿಂತ ಸ್ಪಷ್ಟವಾಗಿ ವಿವರಿಸಿದ ಅನೇಕ ಸದಸ್ಯೆಯರೊಂದಿಗೆ ನಾನು ಕೆಲಸ ಮಾಡಿದ್ದೇನೆ.

ಪ್ರಶ್ನೆ: ಮತದಾರರ ಗುರುತಿನ ಚೀಟಿ ಇದೆ. ಅದು ಸಾಕಲ್ಲವೇ?

ಉತ್ತರ: ಸಾಲದು. ಪಂಚಾಯಿತಿಯ ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರಿರಬೇಕು. ಈ ಚುನಾವಣೆಯನ್ನು ನಡೆಸುವುದು ರಾಜ್ಯ ಚುನಾವಣಾ ಆಯೋಗ. ವಿಧಾನಸಭಾ ಕ್ಷೇತ್ರದ ಪಟ್ಟಿಯನ್ನು ಆಧರಿಸಿ ವಾರ್ಡುವಾರು ಪಟ್ಟಿ ಸಿದ್ಧಪಡಿಸುವಾಗ ಒಂದೇ ಮನೆಯ ಹೆಸರುಗಳು ಎರಡು ವಾರ್ಡುಗಳಿಗೆ ಹಂಚಿಹೋಗುವುದುಂಟು. ಕರಡು ಪಟ್ಟಿ ಪ್ರಕಟವಾದ ಕೂಡಲೇ ಪಂಚಾಯಿತಿ ಕಚೇರಿಗೆ ಹೋಗಿ ಮನೆಯವರೆಲ್ಲರ ಹೆಸರನ್ನೂ ನೋಡಿ, ತಪ್ಪಿದ್ದರೆ ಆಕ್ಷೇಪಣೆಯ ಅವಧಿಯೊಳಗೇ ಅರ್ಜಿ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ.